ಗೆಲುವಿಗಿಂತ ಇಕ್ಕಟ್ಟೇ ರುಚಿ: ಇತಿಹಾಸದ ಸ್ಟ್ರಾಟೆಜಿ ಗೇಮ್‌ಗಳು ನಮ್ಮನ್ನು ಯಾಕೆ ಬಿಡುವುದಿಲ್ಲ?

ತುಂಗಭದ್ರಾ ತೀರ

ಎಲ್ಲರಿಗೂ ನಮಸ್ಕಾರ. ಈ ಫೋರಮ್ಮಿನಲ್ಲಿ ಏಜ್ ಆಫ್ ಎಂಪೈರ್ಸ್, ಸಿವಿಲೈಸೇಶನ್, ಟೋಟಲ್ ವಾರ್, ಯುರೋಪಾ ಯೂನಿವರ್ಸಾಲಿಸ್ ತರಹದ ಕಂಪ್ಯೂಟರ್ ಗೇಮ್ ಆಡುವವರು ಸಾಕಷ್ಟು ಜನ ಇದ್ದೀರಿ. ಒಂದು ಪ್ರಶ್ನೆ ಬಹಳ ದಿನಗಳಿಂದ ತಲೆಯಲ್ಲಿದೆ. ಯುರೋಪಾ ಯೂನಿವರ್ಸಾಲಿಸ್ ಸರಣಿಯ ನಾಲ್ಕನೆಯದು, ಯುರೋಪಾ 4, ಅಂದರೆ ಹೆಚ್ಚುಕಮ್ಮಿ ಒಂದು ನಕ್ಷೆ, ಒಂದಷ್ಟು ಅಂಕಿ, ಒಂದಷ್ಟು ಪಟ್ಟಿ. ಗುಂಡು ಹಾರಿಸುವುದಿಲ್ಲ, ಜಿಗಿಯುವುದಿಲ್ಲ. ಆದರೂ ರಾತ್ರಿ ಊಟ ಮುಗಿಸಿ ಕೂತರೆ ಹಾಲಿನವರು ಬರುವವರೆಗೂ ಏಳಲು ಮನಸ್ಸಾಗುವುದಿಲ್ಲ. ಯಾಕೆ?

ಸಾಮ್ರಾಜ್ಯ ಕಟ್ಟುವ ಆಸೆಯೇ ಕಾರಣ ಅಂತ ಬಹಳ ಜನ ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ನಮ್ಮನ್ನು ಹಿಡಿದು ಕೂರಿಸುವುದು ಇಕ್ಕಟ್ಟು. ಏನು ಮಾಡಿದರೂ ಒಂದು ಕಡೆ ನಷ್ಟ, ಮುಂದೇನು ಅಂತ ಗೊತ್ತಿಲ್ಲ, ಆದರೂ ಈಗಲೇ ತೀರ್ಮಾನ ಆಗಬೇಕು.

ಯುರೋಪಾ 4 ಶುರುವಾಗುವುದು 1444ರ ನವೆಂಬರ್ 11ಕ್ಕೆ. ಬಲ್ಗೇರಿಯಾದ ವರ್ನಾದಲ್ಲಿ ಆಟೊಮನ್ ತುರ್ಕರು ಕ್ರೈಸ್ತ ಸೇನೆಯನ್ನು ಸೋಲಿಸಿದ ಯುದ್ಧದ ಮಾರನೇ ದಿನ. ಯುರೋಪಿನ ಲೆಕ್ಕ ನೋಡಿ ಆರಿಸಿದ ದಿನ ಅದು. ಆದರೆ ನಮ್ಮ ಕಡೆಗೂ ಅದು ಸಾಮಾನ್ಯ ಗಳಿಗೆ ಅಲ್ಲ. ವಿಜಯನಗರದಲ್ಲಿ ಇಮ್ಮಡಿ ದೇವರಾಯ ಆಳುತ್ತಿದ್ದ. ಹಿಂದಿನ ವರ್ಷವಷ್ಟೇ ರಾಯಚೂರು ದೋಆಬಿಗಾಗಿ ಬಹಮನಿಗಳ ಜೊತೆ ಯುದ್ಧ ನಡೆದಿತ್ತು. ಪರ್ಷಿಯಾದಿಂದ ಅಬ್ದುರ್ ರಜಾಕ್ ರಾಯಭಾರಿಯಾಗಿ ಬಂದು ಹಂಪೆಯನ್ನು ಕಣ್ಣಾರೆ ನೋಡಿದ್ದೂ 1443ರಲ್ಲೇ. ಇನ್ನೆರಡು ವರ್ಷಕ್ಕೆ ದೇವರಾಯ ತೀರಿಕೊಳ್ಳುತ್ತಾನೆ. ಆಮೇಲೆ ಕೈಲಾಗದ ರಾಜರು, ಒರಿಸ್ಸಾದ ಗಜಪತಿಗಳ ಕಾಟ, ಕೊನೆಗೆ 1485ರಲ್ಲಿ ಸಾಳುವ ನರಸಿಂಹ ಗದ್ದುಗೆ ಹಿಡಿಯುತ್ತಾನೆ. ಇದೆಲ್ಲ ನಮಗೆ ಗೊತ್ತು. 1444ರಲ್ಲಿ ಆ ಗದ್ದುಗೆ ಮೇಲೆ ಕೂತವನಿಗೆ ಗೊತ್ತಿರಲಿಲ್ಲ. ಗೇಮ್ ನಮ್ಮನ್ನು ಕೂರಿಸುವುದು ಆ ಜಾಗದಲ್ಲಿ.

ಈಗ ಬಹಮನಿ ಮೇಲೆ ಯುದ್ಧ ಸಾರಿ ಗೆದ್ದಿರಿ ಅಂತಿಟ್ಟುಕೊಳ್ಳಿ. ಸಂಧಿಗೆ ಕೂತಾಗ ಸಿಕ್ಕಷ್ಟು ಪ್ರಾಂತ್ಯ ಬಾಚಿಕೊಳ್ಳುವ ಆಸೆ ಬರುತ್ತದೆ. ಆದರೆ ಒಂದೊಂದು ಪ್ರಾಂತ್ಯ ಕಿತ್ತುಕೊಂಡಾಗಲೂ ಸುತ್ತಲಿನವರಿಗೆ ನಿಮ್ಮ ಮೇಲೆ ಕೋಪ ಏರುತ್ತದೆ. ಗೇಮ್ ಅದನ್ನು ಅಂಕಿಯಲ್ಲೇ ತೋರಿಸುತ್ತದೆ. ಮಿತಿ ಮೀರಿದರೆ ಅವರೆಲ್ಲ ಒಟ್ಟಾಗಿ ನಿಮ್ಮ ವಿರುದ್ಧ ಕೂಟ ಕಟ್ಟುತ್ತಾರೆ. ಇನ್ನು, ಗೆದ್ದ ಊರು ನಿಜವಾಗಿ ನಿಮ್ಮದಾಗಬೇಕಾದರೆ ಆಡಳಿತದ ಅಂಕ ಖರ್ಚಾಗುತ್ತದೆ. ಆ ಅಂಕ ಎಷ್ಟು ಬರುತ್ತದೆ ಅನ್ನುವುದು ಬಹುಪಾಲು ರಾಜನ ಮೇಲೆ ನಿಂತಿದೆ. ಆಡಳಿತ, ರಾಜತಂತ್ರ, ಸೇನೆ, ಮೂರರಲ್ಲೂ ರಾಜನಿಗೆ 0ಯಿಂದ 6ರವರೆಗೆ ಅಂಕ. ಮೂರೂ ಸೊನ್ನೆಯ ರಾಜ ಬಂದನೋ, ಒಂದು ತಲೆಮಾರು ತೆವಳಬೇಕು. ರಾಜ ಸತ್ತು ಮಗ ಚಿಕ್ಕವನಾಗಿದ್ದರೆ ಅವನು ದೊಡ್ಡವನಾಗುವವರೆಗೆ ಸಾಮಾನ್ಯವಾಗಿ ನೀವಾಗಿ ಯುದ್ಧ ಸಾರುವಂತಿಲ್ಲ, ಶತ್ರು ಎಷ್ಟೇ ಸೊರಗಿ ಕೂತಿದ್ದರೂ.

ಹಾಗಾಗಿ ಗೆದ್ದ ಯುದ್ಧದಲ್ಲೂ ರಾಯಚೂರು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಬಿಟ್ಟು ಬರಬೇಕಾಗುತ್ತದೆ. ಆ ಬಿಟ್ಟು ಬರುವ ನಿರ್ಧಾರದಲ್ಲಿ ಸಿಗುವ ರುಚಿ ನನಗೆ ಬೇರೆ ಯಾವ ಬಗೆಯ ಗೇಮಿನಲ್ಲೂ ಸಿಕ್ಕಿಲ್ಲ. ನಿಮಗೆ ಏನನ್ನಿಸುತ್ತದೆ?

ರಾತ್ರಿ ಪಾಳಿ

ಸಿವಿಲೈಸೇಶನ್ ಆಡುವವನಾಗಿ ಒಂದೇ ಮಾತು ಸೇರಿಸುತ್ತೇನೆ. 'ಇನ್ನೊಂದೇ ಟರ್ನ್' (ಟರ್ನ್ ಅಂದರೆ ಆಟದ ಒಂದು ಸರದಿ) ಅಂತ ನಾವೆಲ್ಲ ಹೇಳುವುದಕ್ಕೆ ಕಾರಣ ಇಕ್ಕಟ್ಟೊಂದೇ ಅಲ್ಲ, ಕೆಲಸಗಳು ಒಟ್ಟಿಗೆ ಮುಗಿಯದೇ ಇರುವುದು. ಕಣಜ ಮುಗಿಯಲು 3 ಟರ್ನ್ ಬಾಕಿ. ಹೊಸ ಊರು ಕಟ್ಟಲು ಹೊರಟವರು 2 ಟರ್ನಿನಲ್ಲಿ ಜಾಗ ಮುಟ್ಟುತ್ತಾರೆ. ಕಬ್ಬಿಣದ ವಿದ್ಯೆ 4 ಟರ್ನಿನಲ್ಲಿ ಕೈಗೆ ಬರುತ್ತದೆ. ಯಾವಾಗ ನೋಡಿದರೂ ಏನೋ ಒಂದು ಮುಗಿಯುವ ಹಂತದಲ್ಲಿರುತ್ತದೆ. ಎದ್ದು ಹೋಗಲು ಸರಿಯಾದ ಜಾಗವೇ ಇಲ್ಲ. 1991ರ ಮೊದಲ ಸಿವಿಲೈಸೇಶನ್‌ನಿಂದ ಇವತ್ತಿನವರೆಗೆ ಈ ಹೆಣಿಗೆ ಬದಲಾಗಿಲ್ಲ.

ಹಳೇ ಪೆಂಟಿಯಂ

ತೀರದವರೇ, ನಿಮ್ಮ ಮಾತು ನಿಧಾನದ ಗೇಮ್‌ಗಳಿಗೆ ಸರಿ. ಏಜ್ ಆಫ್ ಎಂಪೈರ್ಸ್ 2 ಕಥೆ ಬೇರೆ. 1999ರ ಗೇಮ್ ಅದು, 2000ದಲ್ಲಿ ಅದರ ವಿಸ್ತರಣೆ ಕಾಂಕರರ್ಸ್ ಬಂತು. ನಮ್ಮ ದಾವಣಗೆರೆಯಲ್ಲಿ ಸೈಬರ್ ಕೆಫೆಗಳು ತುಂಬಿ ತುಳುಕುತ್ತಿದ್ದ ಕಾಲದಲ್ಲಿ ಲ್ಯಾನ್ ಹಾಕಿ ನಾಲ್ಕು ಜನ ನಾಲ್ಕು ಜನ ಆಡುತ್ತಿದ್ದೆವು. ಅಲ್ಲಿ ಕೂತು ಯೋಚಿಸಲು ಪುರುಸೊತ್ತು ಎಲ್ಲಿ? ಗಡಿಯಾರವೇ ನಿಜವಾದ ಶತ್ರು.

ಮೊದಲ ಹತ್ತು ನಿಮಿಷ ಗಮನಿಸಿ. ಒಬ್ಬ ಹಳ್ಳಿಗನಿಗೆ 50 ಆಹಾರ, ಹುಟ್ಟಲು 25 ಸೆಕೆಂಡ್. ಹಳ್ಳಿಗರು ಹುಟ್ಟುವ ಮುಖ್ಯ ಕಟ್ಟಡ ಟೌನ್ ಸೆಂಟರ್ ಒಂದು ಗಳಿಗೆ ಖಾಲಿ ಕೂತರೂ ಆ ನಷ್ಟ ಕೊನೆಯವರೆಗೆ ಬೆನ್ನಿಗೆ ಬರುತ್ತದೆ. ಒಂದು ಕುರಿಯಲ್ಲಿ 100 ಆಹಾರ, ಒಂದು ಕಾಡುಹಂದಿಯಲ್ಲಿ 340. ಹಂದಿ ಬೇಕು ಅಂದರೆ ಒಬ್ಬ ಹಳ್ಳಿಗನನ್ನು ಕಳಿಸಿ ಬಾಣ ಹೊಡೆಸಿ, ಅದು ಅಟ್ಟಿಸಿಕೊಂಡು ಬರುವಾಗ ಟೌನ್ ಸೆಂಟರ್ ಕಡೆ ಓಡಿಸಬೇಕು. ಸ್ವಲ್ಪ ತಡವಾದರೆ ಹಂದಿ ಅವನನ್ನೇ ಮುಗಿಸುತ್ತದೆ. ಅದೇ ಹೊತ್ತಿಗೆ ಇನ್ನೊಂದು ಮೂಲೆಯಲ್ಲಿ ಕುದುರೆ ಸವಾರ ಶತ್ರುವಿನ ಊರು ಹುಡುಕುತ್ತಿರಬೇಕು. ನಕ್ಷೆಯೆಲ್ಲ ಕಪ್ಪು. ಎದುರಾಳಿ ಬಿಲ್ಲುಗಾರರನ್ನು ಮಾಡುತ್ತಿದ್ದಾನೋ ಕುದುರೆ ಕಟ್ಟುತ್ತಿದ್ದಾನೋ ಗೊತ್ತಿಲ್ಲ. ಕುದುರೆ ಬಂದರೆ ಈಟಿಯವರು ಬೇಕು. ಈಟಿಯವರನ್ನೇ ತುಂಬಿಕೊಂಡರೆ ಬಿಲ್ಲುಗಾರರು ಬಂದು ಒರೆಸಿ ಹಾಕುತ್ತಾರೆ.

ಆಟದ ಮೂರನೇ ಹಂತವಾದ ಕ್ಯಾಸಲ್ ಏಜ್‌ಗೆ ಹೋಗಲು 800 ಆಹಾರ, 200 ಚಿನ್ನ. ಅಷ್ಟು ಕೂಡಿಡುವಾಗ ಕಾವಲಿಗೆ ಸೈನಿಕರು ಕಡಿಮೆ. ಸೈನಿಕರನ್ನು ಮಾಡಿದರೆ ಏಜ್ ತಡ. ಇದನ್ನೆಲ್ಲ ಬಿಡದೆ ಮಾಡುವುದರಲ್ಲೇ ಮಜಾ ಇದೆ. 25 ವರ್ಷ ದಾಟಿದ ಗೇಮಿಗೆ ಇಂದಿಗೂ ಟೂರ್ನಮೆಂಟ್ ನಡೆಯುತ್ತವೆ, ಅದರ ಬಲ ಇದು.

ತುಂಗಭದ್ರಾ ತೀರ

ಅಣ್ಣ, ನೀವು ಹೇಳಿದ್ದೂ ಇಕ್ಕಟ್ಟೇ ಅಲ್ವಾ! 800 ಆಹಾರ ಕೂಡಿಡುವುದಾ, ಕಾವಲು ಹಾಕುವುದಾ? ಕಪ್ಪು ನಕ್ಷೆಯ ಆಚೆ ಏನಿದೆ ಅಂತ ತಿಳಿಯದೆ ಆರಿಸಬೇಕು. ನಾನು ಗೇಮಿನ 40 ವರ್ಷದಲ್ಲಿ ಅನುಭವಿಸುವುದನ್ನು ನೀವು 40 ನಿಮಿಷದಲ್ಲಿ ಅನುಭವಿಸುತ್ತೀರಿ.

ಬಸವಕಲ್ಯಾಣದವಳು

ನೀವಿಬ್ಬರೂ ಮನುಷ್ಯರನ್ನೇ ಮರೆತಿದ್ದೀರಿ. ನನ್ನನ್ನು ಹಿಡಿದಿರುವುದು ಕ್ರುಸೇಡರ್ ಕಿಂಗ್ಸ್ 3. ಅಲ್ಲಿ ನೀವು ರಾಜ್ಯ ಅಲ್ಲ, ಒಬ್ಬ ವ್ಯಕ್ತಿ. ಅವನಿಗೆ ಸ್ವಭಾವ ಇದೆ. ಕರುಣೆ ಇರುವ ರಾಜನ ಕೈಯಲ್ಲಿ ಸೆರೆಯಾಳಿನ ತಲೆ ತೆಗೆಸಿದರೆ ಅವನ ಮನಸ್ಸಿನ ಒತ್ತಡ ಏರುತ್ತದೆ. ಒತ್ತಡ ಮಿತಿ ಮೀರಿದರೆ ಕುಡಿತಕ್ಕೆ ಬೀಳಬಹುದು. ರಾಜ್ಯಕ್ಕೆ ಒಳ್ಳೆಯದಾಗುವ ಕೆಲಸ ರಾಜನನ್ನೇ ಒಡೆದು ಹಾಕುತ್ತದೆ.

ನನಗೆ ಹತ್ತಿರದ ಉದಾಹರಣೆ ಹೇಳುತ್ತೇನೆ. 1066ರ ಆರಂಭ ಆರಿಸಿಕೊಂಡರೆ ಕಲ್ಯಾಣದ ಚಾಲುಕ್ಯರನ್ನು ಆಡಬಹುದು. ಆಗ ಆಳುತ್ತಿದ್ದವನು ಒಂದನೇ ಸೋಮೇಶ್ವರ. ಚೋಳರ ಜೊತೆ ಜೀವಮಾನವಿಡೀ ಕಾದಾಡಿದವನು. ಇತಿಹಾಸದಲ್ಲಿ 1068ರಲ್ಲಿ ಕಾಯಿಲೆ ವಾಸಿಯಾಗದೆ ಕುರುವತ್ತಿಯಲ್ಲಿ ತುಂಗಭದ್ರೆಗೆ ಇಳಿದು ಪ್ರಾಣ ಬಿಟ್ಟ. ಹಿರಿಯ ಮಗ ಇಮ್ಮಡಿ ಸೋಮೇಶ್ವರ ಪಟ್ಟಕ್ಕೆ ಬಂದ. ತಮ್ಮ ವಿಕ್ರಮಾದಿತ್ಯ ಅಣ್ಣನಿಗಿಂತ ಸಮರ್ಥ. 1076ರಲ್ಲಿ ಅಣ್ಣನನ್ನು ಇಳಿಸಿ ತಾನೇ ಕೂತ, ಹೊಸ ಶಕೆಯನ್ನೇ ಶುರು ಮಾಡಿದ, 1126ರವರೆಗೆ ಆಳಿದ.

ಈ ಕಥೆ ನಮಗೆ ಬಂದಿರುವುದು ಹೆಚ್ಚಾಗಿ ಬಿಲ್ಹಣನಿಂದ. ಅವನು ವಿಕ್ರಮಾದಿತ್ಯನ ಆಸ್ಥಾನದ ಕವಿ. ಅಲ್ಲಿ ತಮ್ಮನದು ತಪ್ಪೇ ಇಲ್ಲ, ಅಣ್ಣನೇ ಕೆಟ್ಟವನು. ಆದರೆ ಗೇಮಿನಲ್ಲಿ ಅಪ್ಪ ಸತ್ತ ಕೂಡಲೇ ನೀವು ಹಿರಿಯ ಮಗನಾಗುತ್ತೀರಿ. ಅಪ್ಪನ ಸೀಮೆಗಳು ಗಂಡುಮಕ್ಕಳ ನಡುವೆ ಹಂಚಿಹೋಗುತ್ತವೆ, ಗೇಮಿನ ಆರಂಭದ ನಿಯಮ ಹಾಗೆ. ನಿಮ್ಮ ಕೈಯಲ್ಲಿ ನಿನ್ನೆ ಇದ್ದ ಸೈನ್ಯದಲ್ಲಿ ಅರ್ಧ ಇಲ್ಲ. ನಿಮಗಿಂತ ಬುದ್ಧಿವಂತ ತಮ್ಮ ಪಕ್ಕದಲ್ಲೇ ಇದ್ದಾನೆ. ಸಾಮಂತರು ನಿಮ್ಮನ್ನು ಬಿಟ್ಟು ಅವನ ಕಡೆ ನೋಡುತ್ತಿದ್ದಾರೆ. ಅವನನ್ನು ಸೆರೆಗೆ ಹಾಕಿದರೆ ದಬ್ಬಾಳಿಕೆಯ ಹೆಸರು. ಸುಮ್ನೆ ಬಿಟ್ಟರೆ ದಂಗೆ. ಉಡುಗೊರೆ ಕೊಟ್ಟು ಒಲಿಸಿಕೊಳ್ಳೋಣ ಅಂದರೆ ಬೊಕ್ಕಸ ಖಾಲಿ.

ಆ ರಾತ್ರಿ ನನಗೆ ಇಮ್ಮಡಿ ಸೋಮೇಶ್ವರನ ಬಗ್ಗೆ ನಿಜವಾಗಿ ಮರುಕ ಹುಟ್ಟಿತು. ಶಾಸನ ಓದಿದವರು, ಕಾವ್ಯ ಓದಿದವರು ಅವನ ಪರ ಮಾತಾಡಿದ್ದು ನಾನು ಕೇಳಿಲ್ಲ. ಒಂದು ಗೇಮ್ ಅವನ ಕುರ್ಚಿಯಲ್ಲಿ ಕೂರಿಸಿತು. ಇದಕ್ಕಿಂತ ದೊಡ್ಡ ಆಕರ್ಷಣೆ ನನಗೆ ಬೇಡ.

ಆನೆಗೊಂದಿ

ಮೇಡಂ, ಬಹಳ ಒಳ್ಳೆಯ ಬರಹ. ಅದೇ ಗೇಮಿನಲ್ಲಿ 867ಕ್ಕೆ ಹೋದರೆ ಮಾನ್ಯಖೇಟದಲ್ಲಿ ಅಮೋಘವರ್ಷ ನೃಪತುಂಗ ಸಿಗುತ್ತಾನೆ. ಪಟ್ಟಕ್ಕೆ ಬಂದು ಐವತ್ತು ವರ್ಷ ದಾಟಿದ ಮುದುಕ ರಾಜ. ಮುದುಕನನ್ನು ಆಡುವುದರ ಒತ್ತಡವೇ ಬೇರೆ, ಯಾವ ಕೆಲಸ ಹಿಡಿದರೂ 'ಇದು ಮುಗಿಯುವವರೆಗೆ ಇರುತ್ತೇನಾ' ಅನ್ನುವ ಪ್ರಶ್ನೆ.

ಹೈಸ್ಕೂಲ್ ಮೇಷ್ಟ್ರು

ಎಲ್ಲರ ಉತ್ಸಾಹ ನೋಡಿ ಖುಷಿಯಾಯಿತು. ನಾನು ಇತಿಹಾಸ ಪಾಠ ಮಾಡುವವನು. ನನ್ನ ತರಗತಿಯಲ್ಲಿ ಸಮರ್‌ಖಂಡ್ ಎಲ್ಲಿದೆ, ಕಾನ್‌ಸ್ಟಾಂಟಿನೋಪಲ್ ಯಾಕೆ ಮುಖ್ಯ ಅಂತ ಥಟ್ಟನೆ ಹೇಳುವ ಹುಡುಗರು ಈ ಗೇಮ್ ಆಡುವವರೇ. ಅದಕ್ಕೆ ನನ್ನ ಮೆಚ್ಚುಗೆ ಇದೆ. ಆದರೆ ಒಂದು ತಕರಾರೂ ಇದೆ, ಗಂಭೀರವಾಗಿಯೇ ಹೇಳುತ್ತೇನೆ.

ಈ ಗೇಮ್‌ಗಳು ಇಷ್ಟು ಹಿಡಿಸುವುದಕ್ಕೆ ಒಂದು ಕಾರಣ, ಅವು ದುಡಿಮೆಯನ್ನು ಮುಚ್ಚಿಡುತ್ತವೆ. ಯುರೋಪಾ 4ರಲ್ಲಿ ಒಂದು ಪ್ರಾಂತ್ಯವನ್ನು ಅಭಿವೃದ್ಧಿ ಮಾಡಬೇಕಾದರೆ ಅಂಕ ಕೊಟ್ಟು ಒಂದು ಗುಂಡಿ ಒತ್ತಿದರೆ ಆಯಿತು. ಆ ಕ್ಷಣಕ್ಕೇ ಊರು ಬೆಳೆದುಬಿಡುತ್ತದೆ. ನಿಜಕ್ಕೂ ಹೇಗಿತ್ತು? ಬುಕ್ಕರಾಯನ ಮಗ ಭಾಸ್ಕರ ಈಗಿನ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ಕೆರೆ ಕಟ್ಟಿಸಿದ. 1369ರ ಶಾಸನ ಇದೆ. ಸಾವಿರ ಕೂಲಿಗಳು, ಕಲ್ಲು ಸಾಗಿಸಲು ನೂರು ಗಾಡಿಗಳು, ಎರಡು ವರ್ಷ ಕೆಲಸ ಅಂತ ಅದರಲ್ಲೇ ಬರೆದಿದೆ. ಆ ಸಾವಿರ ಜನ, ಆ ನೂರು ಗಾಡಿಗಳ ಎತ್ತುಗಳು ಗೇಮಿನಲ್ಲಿ ಎಲ್ಲಿವೆ? ನಕ್ಷೆಯಲ್ಲಿ ಬಣ್ಣ ಹರಡುವುದೇ ಗೆಲುವು ಅನ್ನಿಸಿಬಿಡುತ್ತದೆ. ಈ ಬಗೆಯ ಗೇಮ್‌ಗಳಿಗೆ 1993ರಲ್ಲೇ 'ಫೋರ್ ಎಕ್ಸ್' ಅಂತ ಹೆಸರಿಟ್ಟರು: ಹುಡುಕು, ಹರಡು, ಹೀರು, ಅಳಿಸು (ಇಂಗ್ಲಿಷಿನಲ್ಲಿ ನಾಲ್ಕೂ 'ಎಕ್ಸ್' ಅಂತಲೇ ಶುರುವಾಗುತ್ತವೆ). ಕೊನೆಯ ಎರಡನ್ನು ಹುಡುಗರು ಇತಿಹಾಸದ ಸಹಜ ನಿಯಮ ಅಂತ ತಿಳಿದುಕೊಳ್ಳಬಾರದು.

ತುಂಗಭದ್ರಾ ತೀರ

ಮೇಷ್ಟ್ರೇ, ಪೋರುಮಾಮಿಳ್ಳದ ವಿಷಯಕ್ಕೆ ತುಂಬಾ ಧನ್ಯವಾದ. ನಿಮ್ಮ ತಕರಾರು ಸರಿ. ಒಂದು ಗುಂಡಿಗೆ ಊರು ಬೆಳೆಯುವಲ್ಲಿ ಇಕ್ಕಟ್ಟು ಇಲ್ಲ, ಹಾಗಾಗಿ ಯುರೋಪಾ 4ರಲ್ಲಿ ಬಹಳ ಜನಕ್ಕೆ ಬೇಜಾರು ಬರುವುದೂ ಅಲ್ಲೇ.

ಗೇಮ್ ಮಾಡುವವರಿಗೂ ಇದು ಗೊತ್ತಾದಂತಿದೆ. 2025ರಲ್ಲಿ ಬಂದ ಯುರೋಪಾ 5ರಲ್ಲಿ ಆ ರಾಜನ ಅಂಕಗಳನ್ನೇ ತೆಗೆದು ಜನಸಂಖ್ಯೆಯನ್ನು ತಂದಿದ್ದಾರೆ. ರೈತರು, ಕೂಲಿಗಳು, ಪಟ್ಟಣಿಗರು ಇರುತ್ತಾರೆ. ರಾಜಧಾನಿಯಿಂದ ದೂರ ಹೋದಷ್ಟೂ ನಿಮ್ಮ ಹಿಡಿತ ಸಡಿಲ, ತೆರಿಗೆ ಕಡಿಮೆ. ರಸ್ತೆ ಹಾಕಿದರೆ ಸ್ವಲ್ಪ ಬಿಗಿ. ಅಂದರೆ ನಕ್ಷೆಯಲ್ಲಿ ಬಣ್ಣ ಹರಡಿದ ಮಾತ್ರಕ್ಕೆ ಊರು ನಿಮ್ಮದಾಗುವುದಿಲ್ಲ. ಈ ಗೇಮ್ ಶುರುವಾಗುವುದು 1337ಕ್ಕೆ. ವಿಜಯನಗರ ಆಗಷ್ಟೇ ಕಣ್ಣು ಬಿಡುತ್ತಿತ್ತು, ಹೊಯ್ಸಳ ಮುಮ್ಮಡಿ ಬಲ್ಲಾಳ ಇನ್ನೂ ಬದುಕಿದ್ದ, ದೆಹಲಿಯಲ್ಲಿ ಮಹಮ್ಮದ್ ಬಿನ್ ತುಘಲಕ್. ಯಾರು ಉಳಿಯುತ್ತಾರೆ ಅಂತ ಆಗ ಯಾರಿಗೂ ಹೇಳಲು ಆಗುತ್ತಿರಲಿಲ್ಲ.

ಹೈಸ್ಕೂಲ್ ಮೇಷ್ಟ್ರು

ದೂರ ಹೋದಷ್ಟೂ ಹಿಡಿತ ಸಡಿಲ ಅನ್ನುವುದು ಒಳ್ಳೆಯ ಬದಲಾವಣೆ. ವಿಜಯನಗರದ ರಾಯರು ಸೀಮೆಗಳನ್ನು ನಾಯಕರಿಗೆ ವಹಿಸುತ್ತಿದ್ದ ಪದ್ಧತಿಯನ್ನು ಪಾಠ ಮಾಡುವಾಗ ಮಕ್ಕಳಿಗೆ ಅರ್ಥ ಮಾಡಿಸಲು ಕಷ್ಟವಾಗುವ ಸಂಗತಿ ಇದೇ: ರಾಯರ ಮಾತು ಎಲ್ಲ ಕಡೆ ಒಂದೇ ಸಮನಾಗಿ ನಡೆಯುತ್ತಿರಲಿಲ್ಲ. ಆದರೂ ಕೂಲಿಯವನ ಕಡೆಯಿಂದ ಆಡುವ ಗೇಮ್ ಬರಲಿ ಅನ್ನುವ ನನ್ನ ಆಸೆ ಹಾಗೇ ಇದೆ.

ಆನೆಗೊಂದಿ

ಯುದ್ಧದ ಬಗ್ಗೆ ಒಂದು ಮಾತು, ಟೋಟಲ್ ವಾರ್ ಇಷ್ಟಪಡುವವನಾಗಿ. 2000ದ ಶೋಗನ್‌ನಿಂದ ಈ ಸರಣಿಯ ಜೀವಾಳ ಒಂದೇ: ಸೈನಿಕರು ಕೊನೆಯವನವರೆಗೆ ಸಾಯುವುದಿಲ್ಲ, ಅದಕ್ಕೆ ಮುಂಚೆ ಧೈರ್ಯಗೆಟ್ಟು ಓಡುತ್ತಾರೆ. ಬೆನ್ನ ಹಿಂದಿನಿಂದ ಕುದುರೆ ನುಗ್ಗಿದರೆ, ಪಕ್ಕದ ತುಕಡಿ ಓಡಿದರೆ, ದಂಡನಾಯಕ ಸತ್ತರೆ ಧೈರ್ಯ ಕುಸಿಯುತ್ತದೆ. ಓಡುವ ತುಕಡಿಯ ಮೇಲೆ ಬಿಳಿ ಬಾವುಟ ಏಳುತ್ತದೆ. ಒಂದು ಬಿಳಿ ಬಾವುಟ ನೋಡಿ ಪಕ್ಕದವರದ್ದೂ ಏಳುತ್ತದೆ. ಎರಡು ನಿಮಿಷದ ಹಿಂದೆ ಗೆಲ್ಲುತ್ತಿದ್ದ ಸೈನ್ಯ ಖಾಲಿ.

ನಮ್ಮೂರಿನ ಎದುರು ದಡದಲ್ಲೇ ಹಂಪೆಯ ಪಾಳು ಇದೆ. 1565ರ ಜನವರಿಯಲ್ಲಿ ರಕ್ಕಸತಂಗಡಿಯಲ್ಲಿ ಆದದ್ದು ಹೆಚ್ಚುಕಮ್ಮಿ ಇದೇ. ಅಳಿಯ ರಾಮರಾಯನಿಗೆ ಆಗ ತುಂಬಾ ವಯಸ್ಸಾಗಿತ್ತು. ಅವನು ಸೆರೆ ಸಿಕ್ಕ, ಅಹಮದ್‌ನಗರದ ಸುಲ್ತಾನ ಹುಸೇನ್ ನಿಜಾಮ ಶಾಹನ ಎದುರು ತಲೆ ಹೋಯಿತು, ಆ ತಲೆಯನ್ನು ಎತ್ತಿ ತೋರಿಸಿದರು. ಅಷ್ಟು ದೊಡ್ಡ ಸೈನ್ಯ ಚೆಲ್ಲಾಪಿಲ್ಲಿ. ರಾಮರಾಯನ ತಮ್ಮ ತಿರುಮಲ ಉಳಿದ ಬೊಕ್ಕಸ ಹೊತ್ತುಕೊಂಡು, ಹೆಸರಿಗೆ ರಾಜನಾಗಿದ್ದ ಸದಾಶಿವರಾಯನನ್ನು ಕರೆದುಕೊಂಡು ಪೆನುಗೊಂಡೆಗೆ ಹೋದ. ಸೋಲಿಗೆ ಕಾರಣ ಏನು ಅಂತ ಪಂಡಿತರು ಇನ್ನೂ ವಾದ ಮಾಡುತ್ತಾರೆ. ಆದರೆ ಒಬ್ಬ ಮನುಷ್ಯ ಬಿದ್ದರೆ ಸೈನ್ಯವೇ ಬೀಳುವುದು ಹೇಗೆ ಅನ್ನುವುದನ್ನು ಮೈಮೇಲೆ ಬಂದಂತೆ ತಿಳಿಸಿದ್ದು ನನಗೆ ಇದೇ ಟೋಟಲ್ ವಾರ್ ಸರಣಿಯ ಮೆಡೀವಲ್ 2. ದಂಡನಾಯಕನನ್ನು ಮುಂದೆ ನುಗ್ಗಿಸಿದರೆ ಸೈನ್ಯಕ್ಕೆ ಹುರುಪು, ಆದರೆ ಅವನು ಹೋದರೆ ಎಲ್ಲ ಹೋಯಿತು. ಪ್ರತಿ ಯುದ್ಧದಲ್ಲೂ ಅವನನ್ನು ಎಲ್ಲಿ ನಿಲ್ಲಿಸಬೇಕು ಅಂತ ಎದೆ ಹೊಡೆದುಕೊಳ್ಳುತ್ತದೆ.

ಭಟ್ಕಳ ಬಂದರು

ಇನ್ನೊಂದು ಕಾರಣ ಯಾರೂ ಹೇಳಲಿಲ್ಲ. ನಮ್ಮವರು ಗೇಮಿನಲ್ಲಿ ಇದ್ದಾರಾ ಅನ್ನುವುದು. ಏಜ್ ಆಫ್ ಎಂಪೈರ್ಸ್ 2ರಲ್ಲಿ 2013ರವರೆಗೆ ಭಾರತವೇ ಇರಲಿಲ್ಲ. ಆಗ 'ಇಂಡಿಯನ್ಸ್' ಅಂತ ಒಂದೇ ಗುಂಪು ಬಂತು. 2022ರಲ್ಲಿ ಅದನ್ನು ಒಡೆದು ಹಿಂದೂಸ್ತಾನಿ, ಗುರ್ಜರ, ಬಂಗಾಳಿ, ದ್ರಾವಿಡ ಅಂತ ನಾಲ್ಕು ಮಾಡಿದರು. ರಾಜೇಂದ್ರ ಚೋಳನ ಅಭಿಯಾನವೂ ಸಿಕ್ಕಿತು. ದ್ರಾವಿಡರಿಗೆ ಪ್ರತಿ ಏಜ್ ಏರಿದಾಗ 200 ಮರ ಪುಕ್ಕಟೆ, ಉರುಮಿ ಅನ್ನುವ ಬಳುಕುವ ಕತ್ತಿ ಹಿಡಿದ ಸೈನಿಕರು, ಒಳ್ಳೆಯ ಹಡಗು, ಕೊನೆಗೆ ರಕ್ಷಾಕವಚವನ್ನೇ ಲೆಕ್ಕಕ್ಕಿಡದ ಉಕ್ಕಿನ ಕತ್ತಿ. ಮೊದಲ ಸಲ ಆಡಿದಾಗ ನಿಜಕ್ಕೂ ರೋಮಾಂಚನವಾಯಿತು.

ಆದರೆ ದ್ರಾವಿಡರ ಹತ್ತಿರ ನೈಟ್‌ಗಳಿಲ್ಲ (ಕವಚ ತೊಟ್ಟ ಬಲವಾದ ಕುದುರೆ ಸವಾರರು), ಕುದುರೆ ಬಲ ತೀರಾ ಕಡಿಮೆ. ಚೋಳರ ನೌಕಾಬಲವನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದಂತಿದೆ. ಹಾಗಾದರೆ ವಿಜಯನಗರ? ನಮ್ಮ ಭಟ್ಕಳ, ಹೊನ್ನಾವರದ ಬಂದರಿನಲ್ಲಿ ಅರಬ್ಬೀ, ಪರ್ಷಿಯನ್ ಕುದುರೆ ಇಳಿಸಿಕೊಂಡು ಗಟ್ಟದ ಮೇಲಕ್ಕೆ ಸಾಗಿಸುತ್ತಿದ್ದರು. ಆಮೇಲೆ ಗೋವಾದ ಪೋರ್ಚುಗೀಸರ ಜೊತೆ ಕುದುರೆಗಾಗಿಯೇ ರಾಯರು ಸ್ನೇಹ ಇಟ್ಟುಕೊಂಡರು. ಕನ್ನಡಿಗರು, ತೆಲುಗರು, ತಮಿಳರು, ಮಲಯಾಳಿಗಳು ಎಲ್ಲರನ್ನೂ ಒಂದೇ ಚೀಲಕ್ಕೆ ಹಾಕಿದ್ದು ನನಗೆ ಈಗಲೂ ಸರಿ ಅನ್ನಿಸುವುದಿಲ್ಲ.

ಹಳೇ ಪೆಂಟಿಯಂ

ಬೇಸರ ಅರ್ಥವಾಗುತ್ತದೆ ಗೆಳೆಯಾ. ಆದರೆ ಆಡುವವನ ಕಣ್ಣಿನಿಂದ ನೋಡು. ಕುದುರೆ ಕಡಿಮೆ ಇರುವುದರಿಂದಲೇ ದ್ರಾವಿಡರನ್ನು ಆಡುವಾಗ ಬೇರೆ ದಾರಿ ಹುಡುಕಬೇಕು. ನೀರಿರುವ ನಕ್ಷೆಯಲ್ಲಿ ಬಲ, ಬಯಲಿನಲ್ಲಿ ಪಾಡು. ಎಲ್ಲರಿಗೂ ಎಲ್ಲವೂ ಇದ್ದರೆ ಹೆಸರು ಮಾತ್ರ ಬೇರೆ, ಆಟ ಒಂದೇ ಆಗುತ್ತದೆ. ವಿಜಯನಗರ ಬೇಕು ಅಂದರೆ ಅದನ್ನು ಪ್ರತ್ಯೇಕ ಗುಂಪಾಗಿ ಕೇಳಬೇಕು: ಕುದುರೆ ಇದೆ, ಆದರೆ ಚಿನ್ನ ಜಾಸ್ತಿ, ಬಂದರು ಇದ್ದರೆ ಮಾತ್ರ ಸಿಗುತ್ತದೆ. ಹೇಗಿದೆ?

ಭಟ್ಕಳ ಬಂದರು

ಅದು ಭರ್ಜರಿ! ಬಂದರು ಕಳೆದುಕೊಂಡರೆ ಕುದುರೆ ನಿಂತುಹೋಗಬೇಕು. ಅಂಥ ಗುಂಪು ಬಂದರೆ ನಾನು ಬೇರೆ ಏನನ್ನೂ ಆಡುವುದಿಲ್ಲ.

ಹೊಸಬ

ಎಲ್ಲ ಓದಿ ಆಸೆಯಾಗಿದೆ. ನನ್ನ ಹತ್ತಿರ ಇರುವುದು ಹಳೇ ಲ್ಯಾಪ್‌ಟಾಪ್, ದುಡ್ಡು ಹಾಕುವ ಸ್ಥಿತಿಯೂ ಈಗ ಇಲ್ಲ. ಎಲ್ಲಿಂದ ಶುರು ಮಾಡಲಿ?

ರಾತ್ರಿ ಪಾಳಿ

ಅನ್‌ಸಿವ್ ನೋಡಿ. ಸಿವಿಲೈಸೇಶನ್ 5ರ ಮಾದರಿಯಲ್ಲಿ ಉತ್ಸಾಹಿಗಳು ಮಾಡಿದ್ದು, ಪುಕ್ಕಟೆ, ಫೋನಿನಲ್ಲೂ ನಡೆಯುತ್ತದೆ. ಚಿತ್ರಗಳು ಸರಳ, ಆದರೆ ನಾನು ಮೇಲೆ ಹೇಳಿದ ಹೆಣಿಗೆ ಪೂರ್ತಿ ಇದೆ.

ತುಂಗಭದ್ರಾ ತೀರ

ನೇರ ಕಾದಾಟ ಬೇಕಿದ್ದರೆ '0 ಎ.ಡಿ.' ಇಳಿಸಿಕೊಳ್ಳಿ. ಅದೂ ಪುಕ್ಕಟೆ, ಮುಕ್ತ ತಂತ್ರಾಂಶ. ಮೌರ್ಯರನ್ನು ಆರಿಸಿಕೊಳ್ಳಿ. ಅವರಿಗೆ ಕೆಲಸದ ಆನೆ ಅಂತ ಒಂದು ಸಿಗುತ್ತದೆ. ಬೇರೆ ಗುಂಪಿನವರು ತಾವು ಕಡಿದ ಮರವನ್ನು ಉಗ್ರಾಣದವರೆಗೆ ಹೊತ್ತು ತರಬೇಕು. ಮೌರ್ಯರು ಆನೆಯನ್ನೇ ಕಾಡಿನ ಅಂಚಿಗೆ ನಿಲ್ಲಿಸಿ ಅಲ್ಲೇ ಒಪ್ಪಿಸಬಹುದು. ಆದರೆ ಆನೆ ನಿಂತ ಜಾಗಕ್ಕೆ ಶತ್ರುವಿನ ಕುದುರೆ ಬಂದರೆ ಮರವೂ ನಿಲ್ಲುತ್ತದೆ, ಆನೆಯೂ ಹೋಗುತ್ತದೆ. ಮೊದಲ ಆಟದಲ್ಲಿ ಕಂಪ್ಯೂಟರನ್ನು ಅತಿ ಸುಲಭದ ಮಟ್ಟಕ್ಕೆ ಇಟ್ಟುಕೊಂಡು, ಆನೆಯ ಪಕ್ಕ ನಾಲ್ಕು ಈಟಿಯವರನ್ನು ಕಾವಲಿಗೆ ಬಿಡಿ. ಆ ನಾಲ್ವರನ್ನು ಅಲ್ಲಿ ನಿಲ್ಲಿಸುವುದಾ, ಅವರಿಂದಲೂ ಮರ ಕಡಿಸುವುದಾ ಅಂತ ತಲೆ ಕೆಡಿಸಿಕೊಂಡ ಮೇಲೆ ಇಲ್ಲಿ ಬಂದು ಬರೆಯಿರಿ.